ಮೈನಸ್ ಎರಡು ಅಲ್ಲಿ ಯಾಕೆ ಉಳಿಯಿತು?

ಪೆರ್ಲದ ಗೆಳೆಯರೇ,

ಲಾಗ್ ಸಮೀಕರಣ ಬಿಡಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. 1614ರಲ್ಲಿ ಸ್ಕಾಟ್ಲೆಂಡಿನ ಗಣಿತಜ್ಞ ನೇಪಿಯರ್ ಲಾಗ್ ಕೋಷ್ಟಕ ಪ್ರಕಟಿಸಿದ ಕಥೆಯೂ ಓದಿಸಿಕೊಂಡು ಹೋಗುತ್ತದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟೇ ಬಂತು.

ನಿಮ್ಮ ಲೆಕ್ಕ ಇದು, ಆಧಾರ 2:

ಲಾಗ್ ಕ್ಷ + ಲಾಗ್ (ಕ್ಷ − 2) = 3

ಮುಂದಿನ ಸಾಲು: 'ಎರಡನ್ನೂ ಕೂಡಿಸಿ, ಲಾಗ್ ಹೊಡೆದುಹಾಕಿ, ಕ್ಷ(ಕ್ಷ − 2) = 8.' ಈ 'ಹೊಡೆದುಹಾಕಿ' ಅನ್ನುವ ಮಾತು ನನಗೆ ಆಗುವುದೇ ಇಲ್ಲ. ಲಾಗ್ ಅಂದರೆ ಒಂದು ಪ್ರಶ್ನೆ. 2ರ ಎಷ್ಟನೇ ಘಾತ ಈ ಸಂಖ್ಯೆ ಅಂತ ಅದು ಕೇಳುತ್ತದೆ. ಎರಡು ಲಾಗ್ ಕೂಡಿಸುವುದು ಅಂದರೆ ಒಳಗಿನ ಸಂಖ್ಯೆಗಳನ್ನು ಗುಣಿಸಿ ಲಾಗ್ ತೆಗೆದಂತೆ. ಉತ್ತರ 3 ಆದರೆ ಆ ಗುಣಲಬ್ಧ 2³, ಅಂದರೆ 8. ಆ 8 ಎಲ್ಲಿಂದ ಬಂತು ಅಂತ ನೀವು ಹೇಳಲೇ ಇಲ್ಲ.

ಕೊನೆಯ ಸಾಲು: 'ಕ್ಷ = 4 ಅಥವಾ −2.' ತಾಳೆ ನೋಡಿದ್ದೀರಾ? 4 ಹಾಕಿದರೆ 2 + 1 = 3, ಸರಿ. ಈಗ −2 ಹಾಕಿ. ಲಾಗ್ (−2) ಎಷ್ಟು? ಘಾತ 10 ಇರಲಿ, 0 ಇರಲಿ, −5 ಇರಲಿ, 2ರಿಂದ ಋಣ ಸಂಖ್ಯೆ ಹುಟ್ಟುವುದಿಲ್ಲ. ಹಾಗಾದರೆ −2 ನುಸುಳಿದ್ದು ಎಲ್ಲಿ? ನೀವು ಕೂಡಿಸಿದ ಸಾಲಿನಲ್ಲೇ. ಅಲ್ಲಿ (−2) × (−4) = 8. ಒಂದೊಂದಾಗಿ ಲಾಗ್ ಒಳಗೆ ಕೂರಲಾಗದ ಎರಡು ಋಣ ಸಂಖ್ಯೆಗಳು ಗುಣಾಕಾರದಲ್ಲಿ ಜೊತೆಯಾಗಿ ದಾಟಿಬಿಟ್ಟವು. ಈ ಲೆಕ್ಕದ ಸ್ವಾರಸ್ಯವೇ ಅದು ಅಲ್ವಾ? ಅದನ್ನೇ ಬಿಟ್ಟಿದ್ದೀರಿ.

ನಾನು ಬರೆಯಲು ಕಲಿತದ್ದು ಬದಿಯಡ್ಕದ ಹತ್ತಿರ, ಒಬ್ಬ ಹಿರಿಯರ ಜಗಲಿಯಲ್ಲಿ. ಅವರು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಸುಲಿದ ಅಡಿಕೆ ರಾಶಿ ಹಾಕಿಕೊಂಡು, ಕೆಟ್ಟ ಕರಿಗೋಟು ಅಡಿಕೆ ಬೇರೆ ಮಾಡುತ್ತಾ, ನನ್ನ ಕೈಲಿ ನನ್ನ ಬರಹ ಓದಿಸುತ್ತಿದ್ದರು. ನಾನೂ ವರ್ಗಮೂಲದ ಒಂದು ಲೆಕ್ಕಕ್ಕೆ ಹೀಗೇ ಎರಡು ಉತ್ತರ ಬರೆದಿದ್ದೆ. ಅವರು ಏನೂ ಹೇಳಲಿಲ್ಲ. ನೋಡಲು ಚೆಂದವಿದ್ದ ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ನನ್ನ ಅಂಗೈಯಲ್ಲಿಟ್ಟರು. ಒಳಗೆ ಪೂರ್ತಿ ಕಪ್ಪು. ಆ ಸಂಜೆ ಕೂತು ಎರಡೂ ಉತ್ತರ ಹಾಕಿ ನೋಡಿದೆ. ಒಂದು ಬಿದ್ದುಹೋಯಿತು.

ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ನಮ್ಮ ಕಾಸರಗೋಡಿನ ಮಕ್ಕಳಿಗೆ ಹನ್ನೊಂದನೇ ತರಗತಿಯಲ್ಲಿ, ಅಂದರೆ ಪ್ಲಸ್ ಒನ್‌ನಲ್ಲಿ ಗಣಿತ ಇಂಗ್ಲಿಷಿಗೆ ಹೊರಳುತ್ತದೆ. ಆಗ ಅವರು ಹುಡುಕುವುದು ಇಂಥ ಲೇಖನವನ್ನೇ. ಅದಕ್ಕೇ ಇಷ್ಟು ಬರೆದೆ.

ಮೊದಲ ಸಾಲಿನಲ್ಲೇ 'ಕ್ಷ 2ಕ್ಕಿಂತ ಜಾಸ್ತಿ ಇರಬೇಕು' ಅಂತ ಹಾಕಿ. −2 ಯಾಕೆ ಬಿತ್ತು ಅಂತ ಎರಡು ಸಾಲು ಸೇರಿಸಿ. ಮೂರನೇ ಪುಟ ಮಾತ್ರ ಮತ್ತೆ ಕಳಿಸಿ, ಸಾಕು.