ಫುಲ್ ಟೈಮ್ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಗುಂಯ್ ಸದ್ದು, ತಿರುಗಿಸುವಾಗ ಬಿಗಿ: ಇದೆಲ್ಲ ಸಹಜವೇ?

ಇಷ್ಟು ವರ್ಷ ಮಾರುತಿ ಜಿಪ್ಸಿ (ಬೇಕಾದಾಗ ಮಾತ್ರ ಫೋರ್ ವೀಲ್‌ಗೆ ಹಾಕುವ ಜೀಪು) ಓಡಿಸಿದವರು ಈಗ ಹಳೆಯ ಸುಜುಕಿ ಗ್ರ್ಯಾಂಡ್ ವಿಟಾರಾ 2.4 ಪೆಟ್ರೋಲ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಅರವತ್ತು ದಾಟಿದರೆ ಕೆಳಗಿಂದ ಗುಂಯ್ ಅನ್ನುತ್ತದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಟಕ್ ಅನ್ನುತ್ತದೆ. ಕಾಫಿ ಕಣದಲ್ಲಿ ಗಾಡಿ ತಿರುಗಿಸುವಾಗ ಹಿಡಿದುಕೊಂಡ ಹಾಗಾಗುತ್ತದೆ. ಇಷ್ಟು ನಿಮ್ಮ ಪ್ರಶ್ನೆ. ಸಕಲೇಶಪುರದ ಕಡೆ ನಾನೂ ಇದೇ ಗಾಡಿ ಓಡಿಸುತ್ತಿದ್ದೇನೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. 2022ರಲ್ಲಿ ಇದೇ ಹೆಸರಲ್ಲಿ ಬಂದ ಹೊಸ ಗ್ರ್ಯಾಂಡ್ ವಿಟಾರಾ ಬೇರೆ, ನಿಮ್ಮದು ಬೇರೆ. ಹೊಸದರ ಬಗ್ಗೆ ಜನ ಹೇಳುವುದನ್ನು ನಿಮ್ಮ ಗಾಡಿಗೆ ಅನ್ವಯಿಸಬೇಡಿ. ಇಂಪೋರ್ಟ್ ಆಗಿ ಬರುತ್ತಿದ್ದ ಹಳೆಯದರಲ್ಲಿ ಟೂ ವೀಲ್ ಡ್ರೈವ್ ಅನ್ನುವುದೇ ಇಲ್ಲ. ಡ್ಯಾಶ್‌ಬೋರ್ಡಿನ ನಾಬ್ ನೋಡಿ: 4ಎಚ್ (ಮಾಮೂಲಿ ಓಟಕ್ಕೆ), 4ಎಚ್ ಲಾಕ್ (ಮುಂದಿನ, ಹಿಂದಿನ ಆಕ್ಸಲ್ ಒಟ್ಟಿಗೇ ತಿರುಗುವ ಹಾಗೆ ಬಿಗಿಯಲು), 4ಎಲ್ ಲಾಕ್ (ಅದರ ಜೊತೆ ಲೋ ಗೇರ್), ಎನ್ (ನ್ಯೂಟ್ರಲ್). ಎನ್ ಒಂದು ಬಿಟ್ಟರೆ ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತಲೇ ಇರುತ್ತದೆ. ಜಿಪ್ಸಿಯನ್ನು ಟೂ ವೀಲ್‌ಗೆ ಹಾಕಿದರೆ ಮುಂದಿನ ಡಿಫರೆನ್ಷಿಯಲ್‌ಗೆ (ಎಡ ಬಲ ಚಕ್ರಗಳಿಗೆ ಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು) ಎಂಜಿನ್ನಿನ ಎಳೆತವೇ ಇರುವುದಿಲ್ಲ. ಇಲ್ಲಿ ಟ್ರಾನ್ಸ್‌ಫರ್ ಕೇಸು (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಪ್ರೊಪೆಲ್ಲರ್ ಶಾಫ್ಟು (ಅಲ್ಲಿಂದ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಉದ್ದನೆಯ ಸರಳು), ಮುಂದಿನ ಡಿಫರೆನ್ಷಿಯಲ್, ಎಲ್ಲ ಸದಾ ದುಡಿಯುತ್ತಿರುತ್ತವೆ. ಅಷ್ಟು ಹಲ್ಲುಗಳು ಉಜ್ಜುತ್ತಿರುವಾಗ ಸ್ವಲ್ಪ ಸದ್ದು ಇದ್ದೇ ಇರುತ್ತದೆ. 1977ರಿಂದ ಬರುತ್ತಿರುವ ರಷ್ಯಾದ ಲಾಡಾ ನೀವಾ ಕೂಡ ಫುಲ್ ಟೈಮ್ ಫೋರ್ ವೀಲ್ ಡ್ರೈವೇ. ಅದರ ಟ್ರಾನ್ಸ್‌ಫರ್ ಕೇಸಿನ ಊಳಿನ ಮುಂದೆ ನಮ್ಮದು ಏನೂ ಅಲ್ಲ.

ಹಾಗಂತ ಬರುವ ಎಲ್ಲ ಸದ್ದನ್ನೂ ಸಹಜ ಅಂತ ಬಿಡುವ ಹಾಗಿಲ್ಲ. ಸದ್ದು ಎಷ್ಟು ಜೋರು ಅನ್ನುವುದಕ್ಕಿಂತ ಅದು ಯಾವುದರ ಜೊತೆ ಬದಲಾಗುತ್ತದೆ ಅನ್ನುವುದನ್ನು ಗಮನಿಸಿ. ಮೆಕ್ಯಾನಿಕ್ ಹತ್ತಿರ ಹೋಗಿ 'ಸೌಂಡ್ ಬರ್ತಿದೆ' ಅಂದರೆ ಅವನು ಒಂದೊಂದೇ ಬಿಚ್ಚುತ್ತಾ ಹೋಗುತ್ತಾನೆ, ದುಡ್ಡು ನಿಮ್ಮದು. ಮೊದಲು ನೀವೇ ಕೇಳಿ.

ಸಮತಟ್ಟಾದ, ನೇರವಾದ, ಖಾಲಿ ರಸ್ತೆಯಲ್ಲಿ ಎಪ್ಪತ್ತರಲ್ಲಿ ಹೋಗುತ್ತಾ ಕ್ಲಚ್ ಒತ್ತಿ ಗೇರ್ ಲಿವರನ್ನು (ಡ್ಯಾಶ್‌ಬೋರ್ಡಿನ ನಾಬನ್ನಲ್ಲ) ನ್ಯೂಟ್ರಲ್‌ಗೆ ತನ್ನಿ. ಘಾಟಿಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಗುಂಯ್ ಸದ್ದು ತಟ್ಟನೆ ಇಳಿದರೆ ಅದು ಎಳೆತಕ್ಕೆ ಸಂಬಂಧಿಸಿದ್ದು: ಟ್ರಾನ್ಸ್‌ಫರ್ ಕೇಸ್ ಅಥವಾ ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ದೊಡ್ಡ, ಸಣ್ಣ ಗೇರಿನ ಜೋಡಿ). ಸಣ್ಣಗೆ, ಒಂದೇ ರಾಗದಲ್ಲಿ ಇದ್ದರೆ ಹೆದರಬೇಡಿ. ಆದರೆ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದು, ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದ್ದರೆ ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲ್ ಬಿಚ್ಚಿ ನೋಡಲೇಬೇಕು. ಹಳೆಯ ಓನರ್ ಎಂಜಿನ್ ಆಯಿಲ್ ಮಾತ್ರ ಬದಲಿಸಿ ಇವನ್ನು ಮುಟ್ಟದೇ ಇರುವ ಸಾಧ್ಯತೆ ಜಾಸ್ತಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಹಳ್ಳ ದಾಟಿಸುವ ಗಾಡಿಗಳಲ್ಲಿ ಇದು ಸಾಮಾನ್ಯ.

ನ್ಯೂಟ್ರಲ್‌ಗೆ ತಂದರೂ ಸದ್ದು ಹಾಗೇ ಇದ್ದರೆ ಟೈರ್ ಅಥವಾ ವೀಲ್ ಬೇರಿಂಗ್. ಟೈರಿನ ಸದ್ದು ರಸ್ತೆ ಬದಲಾದ ಹಾಗೆ ಬದಲಾಗುತ್ತದೆ. ಶಿರಾಡಿಯ ಕಾಂಕ್ರೀಟಿನ ಮೇಲೆ ಒಂದು ಥರ, ಟಾರಿನ ಮೇಲೆ ಇನ್ನೊಂದು ಥರ. ಬೇರಿಂಗ್ ಹಾಗಲ್ಲ, ಅದು ಭಾರ ಬಿದ್ದಾಗ ಕೂಗುತ್ತದೆ. ಉದ್ದನೆಯ ಎಡ ತಿರುವಿನಲ್ಲಿ ಸದ್ದು ಏರಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಳೆದಾಗ ಮುಂದಿನಿಂದ ಟಕಟಕ ಅಂದರೆ ಆಕ್ಸಲ್ಲಿನ ಹೊರಗಿನ ಜಾಯಿಂಟ್ ಸವೆದಿದೆ. ಬಗ್ಗಿ ನೋಡಿ, ಆ ಜಾಯಿಂಟಿನ ಮೇಲಿನ ರಬ್ಬರ್ ಬೂಟ್ (ಮುಸುಕು) ಹರಿದು ಚಕ್ರದ ಒಳಮೈಗೆಲ್ಲ ಗ್ರೀಸ್ ಎರಚಿರುತ್ತದೆ.

ಇನ್ನು ಆ ಟಕ್. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಶಾಫ್ಟು, ಎರಡು ಡಿಫರೆನ್ಷಿಯಲ್: ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲ ಇದ್ದರೂ ಎಲ್ಲ ಕೂಡಿ ಒಂದು ಮೆತ್ತನೆಯ ಟಕ್ ಆಗುತ್ತದೆ. ಅಷ್ಟೇ ಆದರೆ ಬಿಟ್ಟುಬಿಡಿ. ಡಣ್ ಅಂತ ಗಟ್ಟಿಯಾಗಿ ಬಂದರೆ, ಅಥವಾ ನೆಲಕ್ಕೆ ಕಾಲಿಟ್ಟಲ್ಲಿ ನಡುಕ ತಿಳಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟಿನ ತುದಿಯಲ್ಲಿರುವ ಕೀಲು) ನೋಡಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೀಚೆ ತಿರುವಿ. ಶಾಫ್ಟು ಸ್ವಲ್ಪ ತಿರುಗುವುದು ಸರಿ. ಕ್ರಾಸ್ ಇರುವ ಜಾಗದಲ್ಲೇ ಅಲುಗಬಾರದು. ಕ್ರಾಸಿನ ಬೇರಿಂಗ್ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಗ್ರೀಸ್ ಒಣಗಿ ಬೇರಿಂಗ್ ತಿಂದುಹೋಗಿದೆ, ಅದನ್ನು ತಡಮಾಡದೆ ಬದಲಿಸಿ.

ಒಂದು ಎಚ್ಚರಿಕೆ, ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಸದ್ದು ಹುಡುಕಲು ಕೆಲವರು ಒಂದು ಆಕ್ಸಲ್ ಮಾತ್ರ ಜಾಕ್‌ನಲ್ಲಿ ಎತ್ತಿ, ಗೇರ್ ಹಾಕಿ ಚಕ್ರ ತಿರುಗಿಸಿ ಕೇಳುತ್ತಾರೆ. ಟೂ ವೀಲ್ ಡ್ರೈವ್ ಗಾಡಿಯ ಅಭ್ಯಾಸ ಅದು. ನಿಮ್ಮ ಗಾಡಿಯಲ್ಲಿ ನೆಲದ ಮೇಲಿರುವ ಚಕ್ರಗಳಿಗೂ ಬಲ ಹೋಗುತ್ತದೆ, ಗಾಡಿ ಜಾಕ್‌ನಿಂದ ಹಾರಿ ಮುಂದೆ ಬರಬಹುದು. ಇದನ್ನು ಯಾರಿಗೂ ಮಾಡಲು ಬಿಡಬೇಡಿ. ಪಂಕ್ಚರ್ ಹಾಕಿಸುವಾಗಲೂ ಅಷ್ಟೇ. ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದರೂ 4ಎಚ್‌ನಲ್ಲಿ ಯಾವ ಒಂದು ಚಕ್ರ ಎತ್ತಿದರೂ ಅದು ಸುಮ್ಮನೆ ತಿರುಗಿಬಿಡಬಹುದು, ಗೇರಿನ ಹಿಡಿತ ಹೋಯಿತು ಅಂತಲೇ ತಿಳಿಯಿರಿ. ಹ್ಯಾಂಡ್ ಬ್ರೇಕ್, ಕಲ್ಲು ಎರಡೂ ಬೇಕು.

ಕಣದ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯಲ್ಲಿ ನನಗೆ ಯೋಚನೆಗೆ ಹಚ್ಚಿದ್ದು ಇದೇ. ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೊಡೆಯುತ್ತವೆ, ಹಿಂದಿನವು ಸಣ್ಣ ಸುತ್ತು. ಇಷ್ಟು ದೊಡ್ಡ ಗಾಡಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬಂದರೆ ಮುಂದಿನ ಆಕ್ಸಲ್ ಸುಮಾರು 30 ಮೀಟರ್ ಹೋಗುತ್ತದೆ, ಹಿಂದಿನದು ಸುಮಾರು 25. ಈ ಐದು ಮೀಟರಿನ ವ್ಯತ್ಯಾಸವನ್ನು ನುಂಗಲು ನಡುವೆ ಒಂದು ಸೆಂಟರ್ ಡಿಫರೆನ್ಷಿಯಲ್ ಇದೆ. ಅದು ಇರುವುದರಿಂದಲೇ ಟಾರ್ ರಸ್ತೆಯಲ್ಲೂ ದಿನವೂ ಫೋರ್ ವೀಲ್‌ನಲ್ಲಿ ಓಡಿಸಬಹುದು. ನಾಬನ್ನು ಲಾಕ್‌ಗೆ ತಿರುಗಿಸಿದರೆ ಆ ಡಿಫರೆನ್ಷಿಯಲ್ ಕೆಲಸ ನಿಲ್ಲಿಸುತ್ತದೆ. ಆಗ ಗಾಡಿ ನಿಮ್ಮ ಹಳೆಯ ಜಿಪ್ಸಿಯನ್ನು ಫೋರ್ ವೀಲ್‌ಗೆ ಹಾಕಿದ ಹಾಗೆಯೇ. ಕೆಸರಲ್ಲಾದರೆ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಕಣದ ಕಾಂಕ್ರೀಟಿನ ಮೇಲೆ ಜಾರುವುದೆಲ್ಲಿ? ಸ್ಟೇರಿಂಗ್ ಬಿಗಿಯುತ್ತದೆ, ಗಾಡಿ ಒದೆಯುತ್ತದೆ, ಟೈರ್ ಕೀರಲು ದನಿ ಮಾಡಿ ಕಪ್ಪು ಗೆರೆ ಬಿಡುತ್ತದೆ.

ಹಾಗಾಗಿ ನಾಬ್ ಎಲ್ಲಿದೆ ನೋಡಿ. ಲಾಕ್‌ನಲ್ಲಿದ್ದರೆ 4ಎಚ್‌ಗೆ ತನ್ನಿ, ನೇರವಾಗಿ ಸ್ವಲ್ಪ ದೂರ ಓಡಿಸಿ, ಡ್ಯಾಶ್‌ಬೋರ್ಡಿನ ದೀಪ ಆರುವುದನ್ನು ಗಮನಿಸಿ. ಒಳಗೆ ಬಿಗಿ ಸೇರಿಕೊಂಡಿದ್ದರೆ ಲಾಕ್ ತಕ್ಷಣ ಬಿಡುವುದಿಲ್ಲ. ಸ್ವಲ್ಪ ರಿವರ್ಸ್ ಹೋದರೆ ಬಿಡುತ್ತದೆ. 4ಎಚ್‌ನಲ್ಲಿದ್ದು, ದೀಪವೂ ಆರಿದ್ದು, ಆಗಲೂ ಹಿಡಿದರೆ ಲಾಕ್ ಒಳಗೇ ಸಿಕ್ಕಿಕೊಂಡಿರಬಹುದು ಅಥವಾ ಸೆಂಟರ್ ಡಿಫರೆನ್ಷಿಯಲ್‌ನಲ್ಲಿ ತೊಂದರೆ ಇರಬಹುದು. ಹಾಗೇ ಓಡಿಸಬೇಡಿ.

ಲಾಕ್ ಯಾವಾಗ ಬೇಕು ಅಂದರೆ, ತೋಟದ ರಸ್ತೆಯಲ್ಲಿ ಒಂದು ಚಕ್ರ ಕೆಸರಲ್ಲಿ ಸುಮ್ಮನೆ ಗಿರಗಿರ ತಿರುಗಿ ಉಳಿದ ಮೂರು ನಿಂತಾಗ. ಲಾಕ್ ಹಾಕಿದರೆ ಮುಂದೆ ಒಂದು, ಹಿಂದೆ ಒಂದು ಚಕ್ರವಾದರೂ ಎಳೆಯುತ್ತದೆ. ಎದುರು ಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿದ್ದರೆ ಲಾಕ್ ಕೂಡ ಏನೂ ಮಾಡಲಾರದು, ಕಲ್ಲು ಹಾಕಲೇಬೇಕು.

ರಸ್ತೆಯಲ್ಲಿ ಓಡಿಸುವ ರೀತಿಯೂ ಜಿಪ್ಸಿಗಿಂತ ಬೇರೆ. ಮಳೆಯಲ್ಲಿ ಏರು ಹತ್ತುವಾಗ, ತಿರುವಿನಿಂದ ಹೊರಗೆ ಎಳೆಯುವಾಗ ಹಿಂದು ಜಾರುವುದಿಲ್ಲ, ಎಷ್ಟು ಹಿತ ಅಲ್ವಾ? ಅದೇ ಧೈರ್ಯದಲ್ಲಿ ತಿರುವಿಗೆ ಜೋರಾಗಿ ನುಗ್ಗಿದರೆ ಮೂತಿ ಹೊರಕ್ಕೆ ಹೋಗುತ್ತದೆ. ಸ್ಟೇರಿಂಗ್ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ, ಆಕ್ಸಿಲರೇಟರ್ ಮೆಲ್ಲಗೆ ಬಿಡಬೇಕು. ನಿಲ್ಲಿಸುವ ವಿಷಯದಲ್ಲಂತೂ ಫೋರ್ ವೀಲ್ ಡ್ರೈವ್‌ನಿಂದ ಏನೂ ಲಾಭವಿಲ್ಲ. ಎಲ್ಲ ಕಾರಿಗೂ ಬ್ರೇಕ್ ನಾಲ್ಕೇ ಚಕ್ರಕ್ಕೆ. ಮೇಲಾಗಿ ಇದು ಜಿಪ್ಸಿಗಿಂತ ತುಂಬಾ ಭಾರದ ಗಾಡಿ. ಚಾರ್ಮಾಡಿ ಇಳಿಯುವಾಗ ಗೇರ್ ಮೊದಲೇ ಇಳಿಸಿಕೊಳ್ಳಿ.

ಕೊನೆಗೆ ಟೈರ್. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಎರಡು ಹೊಸದು, ಎರಡು ಹಳೆಯದು ಹಾಕಿ ಮಾರುವುದುಂಟು. 225/65 ಆರ್ 17 ಸೈಜಿನಲ್ಲಿ ಒಂದು ಜೊತೆ 5 ಮಿಲಿಮೀಟರ್ ಜಾಸ್ತಿ ಸವೆದಿದ್ದರೆ ಅದು ಕಿಲೋಮೀಟರಿಗೆ ಸುಮಾರು ಆರು ಸುತ್ತು ಹೆಚ್ಚು ತಿರುಗಬೇಕು. ಆಗ ನೇರ ರಸ್ತೆಯಲ್ಲೂ ಸೆಂಟರ್ ಡಿಫರೆನ್ಷಿಯಲ್‌ಗೆ ಬಿಡುವಿಲ್ಲ. ನಾಲ್ಕೂ ಒಂದೇ ಕಂಪನಿ, ಒಂದೇ ಸೈಜು, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಗಾಳಿಯೂ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಲಿ.

ನಾಲ್ಕೂ ಟೈರಿನ ಸೈಜು, ಉಳಿದಿರುವ ಕಚ್ಚಿನ ಆಳ, ನಾಬ್ ಯಾವುದರಲ್ಲಿತ್ತು, ನ್ಯೂಟ್ರಲ್‌ಗೆ ತಂದಾಗ ಸದ್ದು ಏನಾಯಿತು, ಇಷ್ಟನ್ನು ಕೆಳಗೆ ಬರೆಯಿರಿ. ಆಮೇಲೆ ಯಾವುದನ್ನು ಮೊದಲು ಬಿಚ್ಚಿಸಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ.