ರಜೆ ಮುಗಿಸಿ ಬಂದ ಮೂರನೇ ದಿನಕ್ಕೇ ಮತ್ತೆ ಅದೇ ಸುಸ್ತು

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಬೆಳಗ್ಗೆ ಮಗಳ ಟಿಫಿನ್ ಬಾಕ್ಸ್‌ನಿಂದ ಹಿಡಿದು ರಾತ್ರಿ 9:30ರ ನ್ಯೂಜೆರ್ಸಿ ಕಾಲ್ ತನಕ ಪುರುಸೊತ್ತಿಲ್ಲ. ಒಂದು ವಾರ ರಜೆ ಹಾಕಿ ಚಿಕ್ಕಮಗಳೂರಿಗೆ ಹೋಗಿಬಂದೆ. ಮೂರೇ ದಿನಕ್ಕೆ ಮತ್ತೆ ಅದೇ ಸುಸ್ತು. ಲ್ಯಾಪ್‌ಟಾಪ್ ತೆರೆಯುವಾಗಲೇ ಬೇಸರ, ಟೀಮಿನವರ ಮೇಲೆ ಸಿಡುಕು. ಸುಮ್ಮನೆ ಕೂತರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಹೋಮ್ ಲೋನ್ ಇರುವುದರಿಂದ ಕೆಲಸ ಬಿಡುವ ಹಾಗಿಲ್ಲ. ಏನು ಮಾಡಲಿ ಡಾಕ್ಟರ್?

ಉತ್ತರ: ಕೆಲಸ ಬಿಡುವ ಯೋಚನೆ ಸದ್ಯಕ್ಕೆ ಬೇಡ. ಆ ಒಂದು ವಾರ ನೀವು ಕೆಲಸದಿಂದ ದೂರ ಇದ್ದಿರಿ, ಆದರೆ ಕೆಲಸ ಕಡಿಮೆಯಾಗಲಿಲ್ಲ. ವಾಪಸ್ ಬಂದಾಗ ಬಾಕಿ ಮೇಲ್‌ಗಳೂ ಸೇರಿ ಹೊರೆ ಹೆಚ್ಚಾಯಿತು. ರಜೆಯಿಂದ ಸಿಗುವ ಚೇತರಿಕೆ ಸಾಮಾನ್ಯವಾಗಿಯೇ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಮೊದಲು ಹೊರೆ ಇಳಿಸಬೇಕು, ವಿಶ್ರಾಂತಿಯ ಮಾತು ಆಮೇಲೆ.

ಅದಕ್ಕೂ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ: ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್), ಫೆರಿಟಿನ್ (ಕಬ್ಬಿಣದ ಸಂಗ್ರಹ), ಬಿ12, ಎಚ್‌ಬಿಎ1ಸಿ (ಸಕ್ಕರೆ). ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ ಇವೆಲ್ಲ ಹೀಗೇ ಸುಸ್ತು ತರುತ್ತವೆ. ಅವಕ್ಕೆ ಔಷಧಿಯೇ ಬೇಕು, ರಜೆ ಸಾಲದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಬರ್ನ್‌ಔಟ್ ಅನ್ನು, ಅಂದರೆ ತೀರದ ಕೆಲಸದೊತ್ತಡದಿಂದ ಬಸವಳಿಯುವುದನ್ನು, ರೋಗ ಎನ್ನುವುದಿಲ್ಲ, ಉದ್ಯೋಗಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. ಅದರ ಮೂರು ಲಕ್ಷಣಗಳು: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಅಸಡ್ಡೆ ಅಥವಾ ಕಹಿ, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನ್ನಿಸುವುದು. ಮೊದಲೆರಡು ನಿಮ್ಮ ಪತ್ರದಲ್ಲೇ ಇವೆ. ಆದರೆ ಮಗಳ ಜೊತೆ ಆಡುವಾಗಲೂ, ಇಷ್ಟದ ಊಟ ಮಾಡುವಾಗಲೂ ಖುಷಿ ಇಲ್ಲದ ಸ್ಥಿತಿ ಎರಡು ವಾರ ಮೀರಿದ್ದರೆ ಅದು ಖಿನ್ನತೆ ಇರಬಹುದು, ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಹೊರೆಯ ವಿಷಯ. ಒಂದು ವಾರ, ಏನನ್ನೂ ಬದಲಿಸದೆ, ಅರ್ಧ ಗಂಟೆಗೊಮ್ಮೆ ಏನು ಮಾಡಿದಿರಿ ಎಂದು ಬರೆದಿಡಿ. ಮನೆಕೆಲಸವನ್ನೂ ಬರೆಯಿರಿ. ವಾರದ ಕೊನೆಗೆ ಪ್ರತಿಯೊಂದರ ಪಕ್ಕ ಗುರುತು ಹಾಕಿ: ನಾನೇ ಮಾಡಬೇಕಾದದ್ದು, ಬೇರೆಯವರಿಗೆ ಕೊಡಬಹುದಾದದ್ದು, ಬಿಟ್ಟರೂ ನಡೆಯುವುದು. ಕಚೇರಿಯ ಗಂಟೆಗಳನ್ನು ಬೇರೆಯಾಗಿ ಕೂಡಿಸಿ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ.

ಮೊದಲು ಕೈ ಹಾಕಬೇಕಾದದ್ದು ರಾತ್ರಿಯ ಕಾಲ್‌ಗೆ. ನಮ್ಮ 9:30 ಎಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ನಡುಮಧ್ಯಾಹ್ನ. ಅವರ ಬೆಳಗಿನ 9 ಗಂಟೆಗೆ ನಮ್ಮಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಕಾಲ್ ಅಷ್ಟು ಮುಂಚೆ ಬರಲು ಅಡ್ಡಿಯೇನು ಎಂದು ಕೇಳಿ. ಆಗದಿದ್ದರೆ ಟೀಮಿನ ಮೂವರು ಸರದಿಯಲ್ಲಿ ಹೋಗಲಿ, ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ನಿಮ್ಮ ಪಾಲಿಗೆ ಬೇಡ. ಮ್ಯಾನೇಜರ್ ಹತ್ತಿರ “ತುಂಬಾ ಕೆಲಸ ಆಗ್ತಿದೆ” ಎಂದರೆ “ಎಲ್ಲರಿಗೂ ಹಾಗೇ” ಎಂಬ ಉತ್ತರ ಬರುತ್ತದೆ. ಬರೆದಿಟ್ಟ ಹಾಳೆಯನ್ನು ಮುಂದಿಟ್ಟು ಹೀಗೆ ಕೇಳಿ: “ಈ ಮೂರರಲ್ಲಿ ಎರಡು ಈ ವಾರ ಮುಗಿಯುತ್ತೆ. ಯಾವುದನ್ನು ಮುಂದಕ್ಕೆ ಹಾಕಲಿ?” ಇದಕ್ಕೆ ಅವರೇ ಒಂದನ್ನು ಆರಿಸಬೇಕಾಗುತ್ತದೆ.

ಮನೆಯಲ್ಲಿ ‘ಸಹಾಯ’ ಕೇಳಬೇಡಿ, ಒಂದು ಕೆಲಸವನ್ನು ಬುಡಸಮೇತ ಒಪ್ಪಿಸಿ. ಟಿಫಿನ್ ಬಾಕ್ಸ್ ಯಜಮಾನರದ್ದಾದರೆ ನಾಳೆ ಏನು ಮಾಡಬೇಕು ಎಂಬ ಯೋಚನೆ, ತರಕಾರಿ ತರುವುದು, ಡಬ್ಬಿ ತೊಳೆಯುವುದು ಎಲ್ಲವೂ ಅವರದ್ದೇ. ನೆನಪಿಸುವ ಕೆಲಸ ನಿಮ್ಮ ಬಳಿಯೇ ಉಳಿದರೆ ಹೊರೆ ಇಳಿದಂತಲ್ಲ. ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ಮೊದಲ ವಾರ ದಿನವೂ ಬ್ರೆಡ್ ಜಾಮೇ ಹೋದರೂ ಬಾಯಿ ಹಾಕಬೇಡಿ.

ಸಂಜೆ ಕೆಲಸ ನಿಲ್ಲಿಸುವ 15 ನಿಮಿಷ ಮುಂಚೆ, ಉಳಿದ ಕೆಲಸಗಳಲ್ಲಿ ಪ್ರತಿಯೊಂದರ ಮುಂದಿನ ಹೆಜ್ಜೆ ಬರೆದಿಡಿ. ಅರ್ಧಕ್ಕೆ ಬಿಟ್ಟದ್ದು ತಲೆಯಲ್ಲಿ ಸುತ್ತುವುದು ಇದರಿಂದ ಕಡಿಮೆಯಾಗುತ್ತದೆ. ಫೋನಿನ ವರ್ಕ್ ಪ್ರೊಫೈಲ್ (ಕಚೇರಿಯ ಆ್ಯಪ್‌ಗಳಿರುವ ಭಾಗ) ಆಫ್ ಮಾಡಿ, ತೀರಾ ತುರ್ತಾದರೆ ಫೋನ್ ಮಾಡಲು ಟೀಮಿಗೆ ಹೇಳಿಡಿ. ಸಂಜೆ 5ರ ಫಿಲ್ಟರ್ ಕಾಫಿಯ ಕೆಫೀನ್ ಅರ್ಧದಷ್ಟು ರಾತ್ರಿ 10ಕ್ಕೂ ದೇಹದಲ್ಲಿರುತ್ತದೆ. ಮಧ್ಯಾಹ್ನ 2ರ ನಂತರ ಕಾಫಿ ಬೇಡ.

ಮೊದಲ ಎರಡು ವಾರ ಹೊಸದೇನನ್ನೂ ಶುರು ಮಾಡಬೇಡಿ. ಐದಕ್ಕೆ ಏಳುವ ಶಪಥ, ಜಿಮ್, ಆನ್‌ಲೈನ್ ಕೋರ್ಸ್, ಧ್ಯಾನದ ಆ್ಯಪ್ ಎಲ್ಲವೂ ಪಟ್ಟಿಗೆ ಇನ್ನೊಂದು ಸಾಲಾಗುತ್ತವೆ. ಬಿಡುವಾದ ಗಂಟೆಯನ್ನು ಫೋನ್ ನುಂಗದಂತೆ ನೋಡಿಕೊಳ್ಳಿ. ದಿನಕ್ಕೆ 20 ನಿಮಿಷ ಗಿಡಕ್ಕೆ ನೀರು ಹಾಕುವುದು, ಹೂ ಕಟ್ಟುವುದು, ಹೆಜ್ಜೆ ಎಣಿಸದೆ ನಡೆಯುವುದು ಸಾಕು. ನೀವು ಹೇಳಿದ ಆ ತಪ್ಪಿತಸ್ಥ ಭಾವ ಈ ದಿನಗಳಲ್ಲಿ ಇನ್ನೂ ಜೋರಾಗಬಹುದು. ಆಗ ಬೇರೆ ಕೆಲಸಕ್ಕೆ ಕೈ ಹಾಕಿದರೆ ತಕ್ಷಣ ಹಾಯೆನಿಸುತ್ತದೆ, ಅದರಿಂದಲೇ ಸುಮ್ಮನಿರಲಾಗದ ಅಭ್ಯಾಸ ಗಟ್ಟಿಯಾಗುತ್ತದೆ. 20 ನಿಮಿಷ ಮುಗಿಯುವ ತನಕ ಬೇರೆ ಕೆಲಸಕ್ಕೆ ಹೋಗಬೇಡಿ, ಆ ಭಾವ ತಾನಾಗಿಯೇ ಇಳಿಯುತ್ತದೆ.

ಸಾಮಾನ್ಯವಾಗಿ ಮೊದಲು ನಿದ್ದೆ ಸುಧಾರಿಸುತ್ತದೆ, ಆಮೇಲೆ ಸಿಡುಕು ಕಡಿಮೆಯಾಗುತ್ತದೆ. ಕೆಲಸದ ಮೇಲಿನ ಆಸಕ್ತಿ ಕೊನೆಗೆ ಮರಳುವುದು, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಆರು ವಾರದ ನಂತರ ಮತ್ತೊಮ್ಮೆ ಒಂದು ವಾರದ ಲೆಕ್ಕ ಬರೆಯಿರಿ. ಕಚೇರಿಯ ಗಂಟೆಗಳು ಇಳಿದಿಲ್ಲ ಎಂದಾದರೆ ಎರಡೂ ಹಾಳೆ ಹಿಡಿದು ಎಚ್‌ಆರ್ ಬಳಿ ಹೋಗಿ, ಟೀಮ್ ಬದಲಾವಣೆ ಕೇಳಿ. ಗಂಟೆಗಳು ಇಳಿದೂ ನೀವು ಹಾಗೇ ಇದ್ದರೆ ಅದೇ ಹಾಳೆಗಳ ಜೊತೆ ಮನೋವೈದ್ಯರ ಬಳಿ ಹೋಗಿ. ಅಗತ್ಯವಿದ್ದರೆ ವೈದ್ಯಕೀಯ ರಜೆಗೆ ಅವರೇ ಬರೆದುಕೊಡುತ್ತಾರೆ.