ಬಜ್ಪೆಗೆ ಬಂದಿಳಿದ ಮೇಲಿನ ಕಥೆ

ಪ್ರಿಯ ಬರಹಗಾರರೆ,

ಸೊಮಾಲಿಯಾದ ಕಡಲ್ಗಳ್ಳರ ಸೆರೆಯಲ್ಲಿ ಮೂರು ವರ್ಷ ಕಳೆದು ಮಲ್ಪೆಯ ಮನೆಗೆ ಮರಳುವ ನಾವಿಕನ ಕುರಿತ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು; ಹಾಗೆಂದು ಬದಿಗಿಡಲು ಮನಸ್ಸು ಒಪ್ಪದ ಕಾರಣ ಈ ಪತ್ರ.

ಹಡಗಿನ ಭಾಗ ಗಟ್ಟಿಯಾಗಿದೆ. 2010ರ ಸೆಪ್ಟೆಂಬರಿನಲ್ಲಿ ಅಪಹರಣಗೊಂಡ ಆಸ್ಫಾಲ್ಟ್ ವೆಂಚರ್ ಹಡಗನ್ನು ಹಣ ಪಡೆದು ಬಿಟ್ಟ ಬಳಿಕವೂ ಏಳು ಮಂದಿ ಭಾರತೀಯರನ್ನು 2014ರ ಅಕ್ಟೋಬರಿನವರೆಗೆ ಹಿಡಿದಿಟ್ಟ ಸಂಗತಿಯನ್ನು ನೀವು ಚೆನ್ನಾಗಿ ಓದಿಕೊಂಡಿದ್ದೀರಿ. ತೊಡಕಿರುವುದು ನಾಯಕ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ. ಅದೇ ರಾತ್ರಿ ಆಪ್ತಸಮಾಲೋಚಕರೊಬ್ಬರು ಬಂದು ನಡೆದುದೆಲ್ಲವನ್ನೂ ಅವನ ಬಾಯಿಂದ ಹೇಳಿಸುತ್ತಾರೆ, ಅವನು ಅತ್ತು ಹಗುರಾಗುತ್ತಾನೆ, ಕಥೆ ಮುಗಿಯುತ್ತದೆ. ಆಘಾತದ ಬೆನ್ನಿಗೇ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಕ್ರಮವು ಮುಂದಿನ ಮಾನಸಿಕ ತೊಂದರೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕನ್ನೂ ಮಾಡಬಹುದು ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಪರಾಮರ್ಶೆ ಎಂದೋ ಹೇಳಿದೆ. ಆಘಾತಕ್ಕೊಳಗಾದವರಿಗೆ ಮೊದಲ ಮಾನಸಿಕ ನೆರವು ನೀಡುವ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಕೇಳುವುದು ಇಷ್ಟೇ: ಗಮನಿಸಿ, ಆಲಿಸಿ, ಬೇಕಾದ ನೆರವಿಗೆ ಜೋಡಿಸಿ, ಮಾತಾಡಲು ಒತ್ತಾಯಿಸಬೇಡಿ. ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಸಹಜ. ಅದು ತಿಂಗಳು ದಾಟಿದರೆ ಮಾತ್ರ ವೈದ್ಯರನ್ನು ಕಾಣಬೇಕಾಗುತ್ತದೆ.

ಇರಾನಿನಲ್ಲಿ 444 ದಿನ ಒತ್ತೆಯಲ್ಲಿದ್ದ 52 ಅಮೆರಿಕನ್ನರನ್ನು 1981ರ ಜನವರಿಯಲ್ಲಿ ನೇರವಾಗಿ ಊರಿಗೆ ಕಳುಹಿಸಲಿಲ್ಲ. ಜರ್ಮನಿಯ ವೀಸ್‌ಬಾಡೆನ್‌ನ ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡರು. ಅಂಥದೊಂದು ನಡುದಾರಿಯ ತಂಗುದಾಣ ನಿಮ್ಮ ನಾಯಕನಿಗೆ ಸಿಕ್ಕಿಯೇ ಇಲ್ಲ. ಅವನಿಗೆ ಸಿಕ್ಕಿದ್ದು ಗರ್ನಾಲು, ಚೆಂಡೆ, ಹಾರ ಮತ್ತು ಹೊಟ್ಟೆ ಬಿರಿಯುವಷ್ಟು ಕೋರಿರೊಟ್ಟಿ. ಬಹುಕಾಲ ಅರೆಹೊಟ್ಟೆಯಲ್ಲಿದ್ದ ದೇಹಕ್ಕೆ ಏಕಾಏಕಿ ತುಂಬು ಊಟ ಅಪಾಯಕಾರಿ. ರಕ್ತದಲ್ಲಿನ ಲವಣಾಂಶ ಏರುಪೇರಾಗುತ್ತದೆ. ಬಂದೂಕಿನ ಸದ್ದಿನ ನಡುವೆ ಬದುಕಿ ಬಂದವನ ಮುಂದೆ ಗರ್ನಾಲು ಸಿಡಿಸಿದ್ದನ್ನಂತೂ ನೀವೇ ಗಮನಿಸಿದಂತಿಲ್ಲ. (ಕಟೀಲು ಯಕ್ಷಗಾನ ಮೇಳದ ಹರಕೆಯಾಟವನ್ನು ಅದೇ ವಾರ ಆಡಿಸಿದ್ದೀರಿ, ಅದಕ್ಕೆ ವರ್ಷಗಟ್ಟಲೆ ಕಾಯಬೇಕೆಂಬುದು ನಮ್ಮ ಓದುಗರಿಗೆಲ್ಲ ಗೊತ್ತು.)

ನಿಮ್ಮ ಕಥೆಯ ಜೀವ ಬೇರೆಡೆ ಇದೆ. “ಚಾ ಮಾಡುವುದಾ, ಕಾಫಿಯಾ ಮಗಾ?” ಎಂದು ತಾಯಿ ಕೇಳಿದಾಗ ಅವನು ಉತ್ತರಿಸಲಾಗದೆ ಬಾಗಿಲತ್ತ ನೋಡುತ್ತಾನೆ. ನೀರು, ನಿದ್ದೆ, ಶೌಚ ಎಲ್ಲಕ್ಕೂ ಇನ್ನೊಬ್ಬನ ಅಪ್ಪಣೆಗೆ ಕಾದವನಿಗೆ ಆಯ್ಕೆ ಎಂಬುದೇ ಮರೆತಿರುತ್ತದೆ, ಮತ್ತು ಮೊದಲ ದಿನಗಳ ನೆರವೆಂದರೆ ಬಹುಪಾಲು ಅದನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಅವನ ಕೈಗೆ ಮರಳಿಸುವುದು: ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳಲು ಬಿಡುವುದು, ಯಾರನ್ನು ಎಷ್ಟು ಹೊತ್ತು ಕಾಣಬೇಕೆಂದು ಅವನನ್ನೇ ಕೇಳುವುದು, ನಾಳೆ ಏನು ನಡೆಯಲಿದೆ ಎಂಬುದನ್ನು ಮುಂಚಿತವಾಗಿ ತಿಳಿಸುವುದು. ಆ ಪ್ರಸಂಗಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ನನಗೆ ಮೂರು ಪುಟ ಬೇಕು.

ನೀರು ಕೊಡುತ್ತಿದ್ದ ಕಾವಲು ಹುಡುಗನನ್ನು ಅವನು ನೆನೆದಾಗ ಭಾವ “ಸ್ಟಾಕ್‌ಹೋಮ್ ಸಿಂಡ್ರೋಮ್” ಎನ್ನುತ್ತಾನೆ. ಸೆರೆಹಿಡಿದವನ ಮೇಲೆಯೇ ಸೆರೆಯಾಳಿಗೆ ಅಕ್ಕರೆ ಹುಟ್ಟುವುದಕ್ಕೆ, ಸ್ಟಾಕ್‌ಹೋಮಿನ 1973ರ ಬ್ಯಾಂಕ್ ದರೋಡೆಯ ಬಳಿಕ, ಬಂದ ಆ ಹೆಸರಿಗೆ ರೋಗಪಟ್ಟಿಯಲ್ಲಿ ಜಾಗವಿಲ್ಲ. ಬದುಕುಳಿಯಲು ಬೆಳೆದ ಸಲಿಗೆಗೆ ಅವನನ್ನು ನಾಚಿಸಬೇಡಿ.

ಮೂರು ವರ್ಷ ಒಬ್ಬಳೇ ಮನೆ ನಡೆಸಿದ ಹೆಂಡತಿಗೆ ನೀವು ಒಂದು ಮಾತನ್ನೂ ಕೊಟ್ಟಿಲ್ಲ. ಅವಳನ್ನೂ ಯಾರಾದರೂ ಕೇಳಬೇಕಲ್ಲವೇ? ಸಮಾಲೋಚಕರ ಪ್ರಸಂಗವನ್ನು ತೆಗೆದು, ಮನೆಯ ಮೊದಲ ಹತ್ತು ದಿನಗಳನ್ನು ಬರೆದು ಕಳುಹಿಸಿ, ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ, ಮಂಗಳೂರು